ರಿಯಲ್‌ಟೈಮ್ ಆದ್ಯತೆ (ಕರ್ನಲ್ ಶೆಡ್ಯೂಲಿಂಗ್)

ಗಡುವಿನೊಳಗೆ ಮುಗಿಯಲೇಬೇಕಾದ ಕೆಲಸಗಳಲ್ಲಿ ಯಾವುದಕ್ಕೆ ಮೊದಲು ಪ್ರೊಸೆಸರ್ ಕೊಡಬೇಕೆಂದು ಆಪರೇಟಿಂಗ್ ಸಿಸ್ಟಂನ ಕರ್ನಲ್‌ಗೆ ತಿಳಿಸುವ ಸಂಖ್ಯೆಯೇ ರಿಯಲ್‌ಟೈಮ್ ಆದ್ಯತೆ. ಸಾಮಾನ್ಯ ಪ್ರಾಸೆಸ್‌ಗಳಿಗೆ ಶೆಡ್ಯೂಲರ್ ಸಮಯವನ್ನು ಹಂಚಿಕೊಡುತ್ತದೆ. ರಿಯಲ್‌ಟೈಮ್ ಕೆಲಸಗಳಲ್ಲಿ ಆ ಹಂಚಿಕೆ ನಡೆಯದು; ಮೇಲಿನ ಆದ್ಯತೆಯ ಕೆಲಸ ಸಿದ್ಧವಾದೊಡನೆ ಕೆಳಗಿನದು ಜಾಗ ಬಿಡಬೇಕು.

ಈ ಪದ್ಧತಿಗೆ ಗಣಿತದ ತಳಹದಿ ಹಾಕಿದ್ದು ಲಿಯು ಮತ್ತು ಲೇಲ್ಯಾಂಡ್ ಅವರ 1973ರ ಪ್ರಬಂಧ. ನಿಯತವಾಗಿ ಮರುಕಳಿಸುವ ಕೆಲಸಗಳಲ್ಲಿ ಯಾವುದು ಬೇಗಬೇಗ ಬರುತ್ತದೋ ಅದಕ್ಕೆ ಹೆಚ್ಚಿನ ಆದ್ಯತೆ ಕೊಡಬೇಕು. ಪ್ರೊಸೆಸರ್‌ನ ಒಟ್ಟು ಬಳಕೆ ಸುಮಾರು ಶೇ. 69ನ್ನು ಮೀರದಿದ್ದರೆ ಕೆಲಸಗಳು ಎಷ್ಟೇ ಇರಲಿ, ಗಡುವು ತಪ್ಪುವುದಿಲ್ಲ ಎಂದು ಅವರು ಸಾಧಿಸಿದರು. ಆದರೆ ಕೆಲಸಗಳು ಒಂದನ್ನೊಂದು ಅವಲಂಬಿಸಿಲ್ಲ ಎಂಬ ಊಹೆಯ ಮೇಲೆ ಈ ಫಲಿತಾಂಶ ನಿಂತಿತ್ತು. ನಿಜವಾದ ಸಿಸ್ಟಂಗಳಲ್ಲಿ ಅವು, ಹಂಚಿಕೊಂಡ ದತ್ತಾಂಶವನ್ನು ಒಮ್ಮೆಗೆ ಒಂದು ಕೆಲಸ ಮಾತ್ರ ಬಳಸುವಂತೆ ನೋಡಿಕೊಳ್ಳುವ ಒಂದೇ ಲಾಕ್‌ಗಾಗಿ ಕಾಯುತ್ತವೆ. ಆಗ ಮೇಲಿನದು ಕೆಳಗಿನದಕ್ಕಾಗಿ ಕಾಯುವ ಆದ್ಯತಾ ವಿಪರ್ಯಯ ಉಂಟಾಗುತ್ತದೆ. ಮೆಸಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಅನುಭವದಿಂದ ಲ್ಯಾಂಪ್ಸನ್ ಮತ್ತು ರೆಡೆಲ್ ಇದನ್ನು 1980ರಲ್ಲೇ ವಿವರಿಸಿದ್ದರು. ಲಾಕ್ ಹಿಡಿದ ಕೆಲಸಕ್ಕೆ, ಕಾಯುತ್ತಿರುವ ಕೆಲಸದ ಆದ್ಯತೆಯನ್ನೇ ತಾತ್ಕಾಲಿಕವಾಗಿ ಕೊಡುವ ಪರಿಹಾರವನ್ನು ಶಾ, ರಾಜ್‌ಕುಮಾರ್ ಮತ್ತು ಲೆಹೋಟ್ಸ್ಕಿ 1990ರಲ್ಲಿ ವಿಶ್ಲೇಷಿಸಿದರು.

ಈ ವಿಪರ್ಯಯದ ಬೆಲೆ ಎಲ್ಲರಿಗೂ ಮನವರಿಕೆಯಾದದ್ದು ಮಂಗಳ ಗ್ರಹದ ಮೇಲೆ. 1997ರ ಜುಲೈ 4ರಂದು ಇಳಿದ ನಾಸಾದ ಪಾತ್‌ಫೈಂಡರ್ ನೌಕೆ, ಹವಾಮಾನ ಮಾಹಿತಿ ಸಂಗ್ರಹ ಶುರುವಾದ ಕೆಲವು ದಿನಗಳಲ್ಲಿ ಮತ್ತೆಮತ್ತೆ ರೀಸೆಟ್ ಆಗತೊಡಗಿತು. ಕೆಳ ಆದ್ಯತೆಯ ಹವಾಮಾನ ಕೆಲಸ ಲಾಕ್ ಹಿಡಿದಿರುವಾಗ ಮಧ್ಯಮ ಆದ್ಯತೆಯ ಕೆಲಸಗಳು ಅದನ್ನು ತಡೆದು ಓಡುತ್ತಿದ್ದವು. ಅದೇ ಲಾಕ್‌ಗೆ ಕಾದಿದ್ದ, ಡೇಟಾ ಬಸ್ ನೋಡಿಕೊಳ್ಳುವ ಮೇಲಿನ ಕೆಲಸ ಗಡುವು ತಪ್ಪಿಸುತ್ತಿತ್ತು, ಅದರಿಂದಲೇ ರೀಸೆಟ್ ಆಗುತ್ತಿತ್ತು. ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯವರು ಭೂಮಿಯಲ್ಲಿದ್ದ ಪ್ರತಿರೂಪದಲ್ಲಿ ಅದೇ ದೋಷವನ್ನು ಮರುಕಳಿಸಿ ಪತ್ತೆಹಚ್ಚಿದರು. ಆದ್ಯತೆಯನ್ನು ತಾತ್ಕಾಲಿಕವಾಗಿ ಏರಿಸುವ ಆ ಪರಿಹಾರ ಅವರು ಬಳಸಿದ್ದ ಆಪರೇಟಿಂಗ್ ಸಿಸ್ಟಂ ವಿಎಕ್ಸ್‌ವರ್ಕ್ಸ್‌ನಲ್ಲಿ ಮೊದಲೇ ಇತ್ತು, ಆ ಲಾಕ್‌ಗೆ ಮಾತ್ರ ಚಾಲೂ ಆಗಿರಲಿಲ್ಲ. ಭೂಮಿಯಿಂದಲೇ ಅದನ್ನು ಚಾಲೂ ಮಾಡಲಾಯಿತು. ಆದ್ಯತೆಯ ಸಂಖ್ಯೆ ಸರಿಯಾಗಿದ್ದರೂ ಲಾಕ್ ಅದನ್ನು ನಿರರ್ಥಕಗೊಳಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಸಿಗುವುದು ಕಷ್ಟ.

ಸಂಖ್ಯೆಗಳ ಬಗ್ಗೆ ಒಮ್ಮತವಿಲ್ಲ. ವಿಎಕ್ಸ್‌ವರ್ಕ್ಸ್‌ನಲ್ಲಿ 256 ಮಟ್ಟಗಳಿದ್ದು 0 ಎಲ್ಲಕ್ಕಿಂತ ಮೇಲು. ವಿಂಡೋಸ್ ಎನ್‌ಟಿಯ 32 ಮಟ್ಟಗಳಲ್ಲಿ 16ರಿಂದ 31 ರಿಯಲ್‌ಟೈಮ್‌ಗೆ ಮೀಸಲು. ಪಾಸಿಕ್ಸ್ ಮಾನದಂಡದ 1993ರ ರಿಯಲ್‌ಟೈಮ್ ವಿಸ್ತರಣೆ ಕನಿಷ್ಠ 32 ಮಟ್ಟ ಇರಬೇಕೆಂದಿತು. ಲಿನಕ್ಸ್ 1ರಿಂದ 99ರವರೆಗೆ ಕೊಡುತ್ತದೆ, 99 ಮೇಲು. ಕರ್ನಲ್‌ನ ಒಳಗೆ ಲೆಕ್ಕ ತಲೆಕೆಳಗು, ಅಲ್ಲಿ ಚಿಕ್ಕ ಸಂಖ್ಯೆಯೇ ಬಲಶಾಲಿ. ಪ್ರಾಸೆಸ್‌ಗಳ ಪಟ್ಟಿ ತೋರಿಸುವ 'ಟಾಪ್' ಆಜ್ಞೆಯಲ್ಲಿ 50ರ ಆದ್ಯತೆ -51 ಎಂದು ಕಾಣಿಸುವುದು ಹೊಸಬರನ್ನು ಗಲಿಬಿಲಿಗೊಳಿಸುತ್ತದೆ.

2014ರಲ್ಲಿ ಲಿನಕ್ಸ್ 3.14 ಆದ್ಯತೆಯ ಬದಲು ಗಡುವನ್ನೇ ನೇರವಾಗಿ ಹೇಳುವ ಶೆಡ್ಯೂಲಿಂಗ್ ನೀತಿಯನ್ನು ತಂದಿತು. ಎರಡು ದಶಕಗಳಷ್ಟು ಕಾಲ ಮುಖ್ಯ ಲಿನಕ್ಸ್‌ನ ಹೊರಗೇ ಬೆಳೆದ ರಿಯಲ್‌ಟೈಮ್ ಪ್ಯಾಚ್‌ಗಳ ಸಮೂಹ ಪ್ರೀಎಂಪ್ಟ್-ಆರ್‌ಟಿ 2024ರ 6.12 ಆವೃತ್ತಿಯಲ್ಲಿ ಮುಖ್ಯ ಕರ್ನಲ್‌ನ ಭಾಗವಾಯಿತು. ಅದರಲ್ಲಿ ಹಾರ್ಡ್‌ವೇರ್‌ನಿಂದ ಬರುವ ಬಹುತೇಕ ಇಂಟರಪ್ಟ್‌ಗಳ ನಿರ್ವಹಣಾ ಕೆಲಸಗಳೂ 50ರ ಆದ್ಯತೆಯ ಥ್ರೆಡ್‌ಗಳಾಗಿ ಓಡುತ್ತವೆ. ಹೀಗಾಗಿ 60ರ ಆದ್ಯತೆ ಪಡೆದ ಪ್ರೋಗ್ರಾಂ ನೆಟ್‌ವರ್ಕ್ ಕಾರ್ಡಿನ ಕೆಲಸವನ್ನೂ ತಡೆದು ಮುಂದೆ ಹೋಗಬಹುದು.