‘ಬೂಸಾ’ ಅಂದರೆ ಸಾಲದು, ಪುಟ ತೋರಿಸಬೇಕು



ಸ್ವಲ್ಪ ಉದ್ದದ ಬರಹ. ಪುರುಸೊತ್ತು ಮಾಡಿಕೊಂಡು ಓದಿ. ಕೊನೆಯಲ್ಲಿ ನನ್ನದೇ ಒಂದು ತಪ್ಪೊಪ್ಪಿಗೆ ಇದೆ.

ಹೋದ ವಾರ ಒಬ್ಬ ತಮ್ಮ ಕೇಳಿದ: “ಅಣ್ಣಾ, ಚಳವಳಿ ಮಾಡೋರು ನೀವು. ಕಾದಂಬರಿ ಓದಿ ವಿಮರ್ಶೆ ಬರೀತಾ ಕೂತ್ರೆ ಯಾರಿಗೇನು ಉಪಯೋಗ?” ಅವನಿಗೆ ಅವತ್ತು ಸರಿಯಾಗಿ ಉತ್ತರ ಹೇಳೋಕಾಗಲಿಲ್ಲ. ಈಗ ಹೇಳ್ತೀನಿ.

1973ರ ನವೆಂಬರ್. ಮೈಸೂರು. ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಒಂದು ಸಭೆಯಲ್ಲಿ, ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅನ್ನೋ ಅರ್ಥದ ಮಾತಾಡಿದರು. ಅಷ್ಟೇ. ಊರೂರಲ್ಲಿ ಗಲಾಟೆ ಎದ್ದಿತು. ಆ ಮಾತನ್ನೇ ಆಡದ ದಲಿತ ಹುಡುಗರ ಮೇಲೆ ಹಲ್ಲೆ ಆಯ್ತು. ಆಗ ಹಾಸ್ಟೆಲಿನಲ್ಲಿದ್ದ ನಮ್ಮ ದೊಡ್ಡಪ್ಪ ಈಗಲೂ ಹೇಳ್ತಾರೆ: “ನಾನು ಒಂದು ಕಾದಂಬರೀನೂ ಓದಿರಲಿಲ್ಲ ಕಣೋ. ಆದ್ರೂ ಹಿತ್ತಲ ಗೋಡೆ ಹಾರಿ ಓಡಬೇಕಾಯ್ತು.” ಕೊನೆಗೆ ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯ್ತು.

ಇದನ್ನ ನಾವು ಚಳವಳಿಯ ಚರಿತ್ರೆಯಾಗಿ ಓದ್ತೀವಿ. ದಲಿತ ಸಂಘರ್ಷ ಸಮಿತಿ ಕಟ್ಟೋಕೆ ಇದೂ ಒಂದು ಕಿಡಿ ಅಂತೀವಿ. ನಿಜ. ಆದರೆ ಇನ್ನೊಂದು ಕಡೆಯಿಂದ ನೋಡಿ. ಅದು ಒಂದು ಪುಸ್ತಕ ವಿಮರ್ಶೆಯೂ ಹೌದು. ಇಡೀ ಸಾಹಿತ್ಯದ ಮೇಲೆ ಒಂದೇ ಪದದ ವಿಮರ್ಶೆ. ಸಾಹಿತ್ಯವನ್ನ ಬೈದವರು ಅವರೊಬ್ಬರೇನಾ? ದೊಡ್ಡ ದೊಡ್ಡ ವಿಮರ್ಶಕರೇ ಒಬ್ಬರ ಪುಸ್ತಕ ಇನ್ನೊಬ್ಬರು ಹರಿದು ಹಾಕಿದ್ದಾರೆ. ಯಾರ ಹಾಸ್ಟೆಲಿಗೂ ಕಲ್ಲು ಬೀಳಲಿಲ್ಲ. ಅಂದಮೇಲೆ ಸಿಟ್ಟು ಬಂದದ್ದು ಮಾತಿಗಲ್ಲ, ಆಡಿದ ಬಾಯಿಗೆ.

ಆರು ವರ್ಷ ಕಳೀತು. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಅಂದರೆ ಒಪ್ಪಲಿಲ್ಲ. ಅದಕ್ಕೆ ಪ್ರತಿಯಾಗಿ ಅದೇ ವರ್ಷ ಬೆಂಗಳೂರಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೀತು. ಕಾದಂಬರಿಯಲ್ಲಿ ಪಾತ್ರ ಆಗೋಕೆ ನಮಗೆ ಯಾವತ್ತೂ ಜಾಗ ಇತ್ತು. ಅದರ ಬಗ್ಗೆ ಮಾತಾಡೋಕೆ ಜಾಗ ಇರಲಿಲ್ಲ.

ಆ ಜಾಗ ಯಾಕೆ ಬೇಕು? ಎರಡು ಉದಾಹರಣೆ ಕೊಡ್ತೀನಿ.

ಶಿವರಾಮ ಕಾರಂತರ ‘ಚೋಮನ ದುಡಿ’ ಬಂದದ್ದು 1933ರಲ್ಲಿ. ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಅದನ್ನ ‘ಮಾನವೀಯ ಅನುಕಂಪದ ಕೃತಿ’ ಅಂತ ಪಾಠ ಮಾಡಿದರು. ಪರೀಕ್ಷೇಲಿ ನಾನೂ ಹಾಗೇ ಬರೆದು ಮಾರ್ಕ್ಸ್ ತಗೊಂಡೆ. ರಜೆಗೆ ಊರಿಗೆ ಹೋದಾಗ ಅವ್ವನಿಗೆ ಕತೆ ಹೇಳಿದೆ. ಅವ್ವನಿಗೆ ಓದು ಬರಲ್ಲ. ಪೂರ್ತಿ ಕೇಳಿ, “ಸಾಯೋವರೆಗೂ ಬೇಸಾಯ ಬೇಸಾಯ ಅಂದ. ಬರೆಯೋರು ಒಂದೆಕರೆ ಕೊಟ್ಟಿದ್ರೆ ಅವರ ಗಂಟೇನು ಹೋಗ್ತಿತ್ತು?” ಅಂದಳು.

ನಾನು ನಕ್ಕೆ. ಆಮೇಲೆ ಯೋಚನೆ ಮಾಡಿದರೆ ಅದು ನಗೋ ಮಾತಾಗಿರಲಿಲ್ಲ. ಚೋಮನಿಗೆ ಭೂಮಿ ಕೊಟ್ಟಿದ್ದರೆ ಕಾರಂತರು ಸುಳ್ಳು ಬರೆದಂಗೆ ಆಗ್ತಿತ್ತು. ಅವತ್ತಿನ ಲೋಕದಲ್ಲಿ ಅವನಿಗೆ ಯಾರೂ ಕೊಡ್ತಿರಲಿಲ್ಲ. ಕೃತಿಯ ಸತ್ಯ ಅದು. ಆದರೆ ಅವ್ವ ಕೇಳಿದ್ದು ಭೂಮಿಯ ಪ್ರಶ್ನೆ. ಮೇಷ್ಟ್ರು ಹೇಳಿಕೊಟ್ಟದ್ದು ಕಣ್ಣೀರಿನ ಪಾಠ. ನಮಗೆ ಮಂಜೂರಾದ ಜಮೀನು ಪರರ ಪಾಲಾಗದಿರಲಿ ಅಂತ 1978ರಲ್ಲಿ ಕಾನೂನು ಬಂತು. ಪಿಟಿಸಿಎಲ್ ಕೇಸು ಹಿಡಿದು ಎ.ಸಿ. ಕೋರ್ಟಿಗೆ ಅಲೆದವರು ‘ಚೋಮನ ದುಡಿ’ ಓದಿದರೆ ಅದು ಅನುಕಂಪದ ಪುಸ್ತಕ ಅಲ್ಲ, ಪಹಣಿಯ ಪುಸ್ತಕ.

ಎರಡನೇದು, ಅನಂತಮೂರ್ತಿಯವರ ‘ಸಂಸ್ಕಾರ’, 1965. ಅಗ್ರಹಾರದಲ್ಲಿ ನಾರಣಪ್ಪನ ಹೆಣ ಬಿದ್ದಿದೆ, ಸಂಸ್ಕಾರ ಯಾರು ಮಾಡಬೇಕು? ಪ್ರಾಣೇಶಾಚಾರ್ಯರ ಸಂಕಟದ ಮೇಲೆ ನಮ್ಮ ವಿಮರ್ಶಕರು ಬರೆದಿದ್ದಕ್ಕೆ ಲೆಕ್ಕ ಇಲ್ಲ. ಅದೇ ಕಾದಂಬರಿಯಲ್ಲಿ ಕೇರಿಯ ಕಡೆಗೂ ಸಾವು ಬರುತ್ತೆ. ಅಲ್ಲಿ ಹೆಣ ಇದ್ದ ಗುಡಿಸಲಿಗೇ ಬೆಂಕಿ ಇಡ್ತಾರೆ. ಅಲ್ಲಿ ಶಾಸ್ತ್ರವಿಲ್ಲ, ಚರ್ಚೆಯಿಲ್ಲ. ಲೇಖಕರು ಅದನ್ನ ಬರೆದಿದ್ದಾರೆ, ಮುಚ್ಚಿಟ್ಟಿಲ್ಲ. ಆದರೆ ನಾನು ಓದಿದ ಎಷ್ಟೋ ವಿಮರ್ಶೆಗಳು ಆ ಬೆಂಕಿಯನ್ನ ದಾಟಿ ಮುಂದೆ ಹೋಗಿವೆ. ಮೊದಲ ಸಲ ಓದಿದಾಗ ನಾನು ಆ ಪುಟದಲ್ಲೇ ನಿಂತುಬಿಟ್ಟೆ. ಒಂದು ಹೆಣಕ್ಕೆ ಇಡೀ ಕಾದಂಬರಿ, ಇನ್ನು ಕೆಲವಕ್ಕೆ ಕೆಲವೇ ಸಾಲು. ಓದುಗ ಎಲ್ಲಿ ನಿಲ್ತಾನೆ ಅನ್ನೋದು ಅವನು ಎಲ್ಲಿಂದ ಬಂದ ಅನ್ನೋದರ ಮೇಲೆ.

ವಿಮರ್ಶೆ ಯಾಕೆ ಬರೀಬೇಕು ಅನ್ನೋದಕ್ಕೆ ನನ್ನ ಉತ್ತರ ಇದು ತಮ್ಮಾ. ‘ಬೂಸಾ’ ಅಂತ ಒಂದು ಮಾತಲ್ಲಿ ಹೇಳಿದ್ದಕ್ಕೆ ಆ ಹಿರಿಯರು ಬೆಲೆ ತೆತ್ತರು. ಯಾವ ಪುಟದಲ್ಲಿ ಬೂಸಾ, ಯಾವ ಪುಟದಲ್ಲಿ ಕಾಳು ಅಂತ ಕೇರಿಕೊಂಡು ತೋರಿಸೋದು ಈಗ ನಮ್ಮ ಕೆಲಸ.

ಕೆಲಸ ಸುಲಭ ಇಲ್ಲ. ದುಡ್ಡು ಬರಲ್ಲ. ಹೊತ್ತಾರೆ ಕೂಲಿ ಬಾಕಿ ಅರ್ಜಿ, ಮಧ್ಯಾಹ್ನ ಠಾಣೆ, ಸಂಜೆ ಸಭೆ. ಓದೋದು ರಾತ್ರಿ ಹತ್ತರ ಮೇಲೆ. ನೂರು ಪುಟಕ್ಕೆ ಕಣ್ಣು ಎಳೆಯುತ್ತೆ. ಸಂಪಾದಕರೊಬ್ಬರು ವರ್ಷಾನುಗಟ್ಟಲೆ ನನಗೆ ದಲಿತ ಲೇಖಕರ ಪುಸ್ತಕ ಮಾತ್ರ ಕಳಿಸಿದರು. ಒಂದ್ಸಲ ಬೇರೆ ಕಾದಂಬರಿ ಕೇಳಿದ್ದಕ್ಕೆ “ಅದಕ್ಕೆ ಬೇರೆಯವರಿದ್ದಾರೆ” ಅಂದರು. ಅವರು ನಮ್ಮ ಬಗ್ಗೆ ಬರೆದರೆ ವಿಮರ್ಶೆ, ನಾವು ಅವರ ಬಗ್ಗೆ ಬರೆದರೆ ಜಾತಿ.

ಆದರೆ ಇವೆಲ್ಲಕ್ಕಿಂತ ದೊಡ್ಡ ಕಷ್ಟ ನಮ್ಮೊಳಗೇ ಇದೆ. ತಪ್ಪೊಪ್ಪಿಗೆ ಅಂದೆನಲ್ಲ, ಅದು ಇದು.

ಕೆಲವು ವರ್ಷದ ಹಿಂದೆ ನಮ್ಮ ಒಬ್ಬ ಸಂಗಾತಿ ಕಾದಂಬರಿ ಬರೆದರು. ಜೊತೆಗೆ ಲಾಠಿ ಏಟು ತಿಂದವರು, ಸಾಲ ಮಾಡಿ ಅಚ್ಚು ಹಾಕಿಸಿದ್ದರು. ಓದಿದೆ. ಕೇರಿಯ ಹೆಣ್ಣುಮಕ್ಕಳು ಅದರಲ್ಲಿ ಅಳೋಕೆ, ಸಾಯೋಕೆ ಮಾತ್ರ ಬರ್ತಾರೆ. ನನಗೆ ಅದು ಕಂಡಿತ್ತು. ಆದರೂ “ಎಲ್ಲರೂ ಓದಲೇಬೇಕಾದ ಕೃತಿ” ಅಂತ ಇಲ್ಲೇ ಬರೆದೆ. ನಮ್ಮವರನ್ನ ನಾವೇ ಬಿಟ್ಟುಕೊಟ್ಟರೆ ಹೆಂಗೆ ಅನ್ನೋ ಭಯ. ಅದನ್ನ ನಂಬಿ ಪುಸ್ತಕ ಕೊಂಡ ಒಬ್ಬ ಹಾಸ್ಟೆಲ್ ಹುಡುಗಿ ಸಭೆ ಮುಗಿದ ಮೇಲೆ ಬಂದು ಕೇಳಿದಳು: “ಸರ್, ನಮ್ಮವ್ವಂದಿರು ಒಂದಿನಾನೂ ನಗಲ್ವಾ?”

ನನ್ನ ಹತ್ತಿರ ಮಾತಿರಲಿಲ್ಲ.

ದೇವನೂರ ಮಹಾದೇವರ ‘ಒಡಲಾಳ’ ನೆನಪು ಮಾಡಿಕೊಳ್ಳಿ. ಸಾಕವ್ವ ಕಳೆದುಹೋದ ಹುಂಜಕ್ಕೆ ಊರು ಕೇಳಂಗೆ ಬೈತಾಳೆ. ಹಸಿದ ಮನೆಯವರು ಕೂತು ಕಡಲೆಕಾಯಿ ತಿಂತಾರೆ. ಗೋಡೆ ಮೇಲೆ ನವಿಲು ಮೂಡುತ್ತೆ. ಪೊಲೀಸರು ಮನೆ ಹುಡುಕೋಕೂ ಬರ್ತಾರೆ. ಹಸಿವು, ಭಯ, ನವಿಲು ಎಲ್ಲಾ ಒಂದೇ ಮನೇಲಿ. ಇಂಥದ್ದು ನಮ್ಮ ಎದುರಿಗಿದ್ದೂ, ಸಂಗಾತಿಯ ಪುಸ್ತಕಕ್ಕೆ ಅಳತೆ ತಗ್ಗಿಸಿ ಹಿಡಿದೆ. ಅದು ಪ್ರೀತಿ ಅಂದುಕೊಂಡಿದ್ದೆ. ಅಲ್ಲ, ಅದೂ ಅನುಕಂಪವೇ. ಮೇಷ್ಟ್ರು ಚೋಮನಿಗೆ ತೋರಿಸಿದ್ದನ್ನೇ ನಾನು ಅವರಿಗೆ ತೋರಿಸಿದ್ದೆ.

ಹೋದ ತಿಂಗಳು ಅವರ ಮನೆಗೆ ಹೋಗಿ ಎಲ್ಲಾ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಅವತ್ತೇ ಹೇಳಿದ್ರೆ ಎರಡನೇ ಮುದ್ರಣದಲ್ಲಿ ತಿದ್ದತಿದ್ದೆನಲ್ಲಪ್ಪ” ಅಂದರು. ಹೊಸ ಕಾದಂಬರಿಯ ಹಸ್ತಪ್ರತಿ ಕೈಗೆ ಕೊಟ್ಟರು. ಪೆನ್ಸಿಲ್ಲೂ ಕೊಟ್ಟರು.

ಅದನ್ನೇ ಓದ್ತಾ ಇದ್ದೀನಿ. ಇವತ್ತಿಗೆ ಎಂಬತ್ತನೇ ಪುಟ. ನೀವೂ ಓದಿ, ಬರೀರಿ. ಅವರ ಪುಸ್ತಕವಾಗಲಿ ನಮ್ಮದಾಗಲಿ, ಪುಟ ತೋರಿಸಿ ಬರೀರಿ.

ಜೈ ಭೀಮ್.