ರಿಜಿಸ್ಟರಿನಲ್ಲಿ ಗ್ಯಾಸ್ಟ್ರಿಕ್

ಸರಸ್ವತಿಪುರಂನಲ್ಲಿ ನಾನು ಬಾಡಿಗೆಗಿರುವ ಬೀದಿಯಲ್ಲಿ ಕುಡಿದು ಆಸ್ಪತ್ರೆ ಸೇರಿದವರಿಗೆಲ್ಲ ಆಗಿರುವುದು ‘ಗ್ಯಾಸ್ಟ್ರಿಕ್’. ಮನೆಯವರು ಹಾಗೆನ್ನುತ್ತಾರೆ, ಕೇಳಿದವರೂ ತಲೆಯಾಡಿಸುತ್ತಾರೆ. ಆಸ್ಪತ್ರೆಗಳ ಚರಿತ್ರೆ ಓದುವ ನನಗೆ ಆಗೆಲ್ಲ ಅಮೆರಿಕದ ಆಕ್ರನ್ ಊರಿನ ಸೇಂಟ್ ಥಾಮಸ್ ಆಸ್ಪತ್ರೆ ನೆನಪಾಗುತ್ತದೆ.

1939ರ ಆಗಸ್ಟ್. ಕುಡುಕರಿಗೆ ಆಗ ಬಹುತೇಕ ಆಸ್ಪತ್ರೆಗಳು ಹಾಸಿಗೆ ಕೊಡುತ್ತಿರಲಿಲ್ಲ. ಆಲ್ಕೊಹಾಲಿಕ್ಸ್ ಅನಾನಿಮಸ್ ಕಟ್ಟಿದ ಇಬ್ಬರಲ್ಲೊಬ್ಬರಾದ ಡಾ. ಬಾಬ್ ಸ್ಮಿತ್ (ತಾವೂ ಕುಡಿತ ಬಿಟ್ಟವರೇ) ಒಬ್ಬ ರೋಗಿಯನ್ನು ಸೇರಿಸಬೇಕೆಂದು ಕೇಳಿದರು. ದಾಖಲಾತಿ ನೋಡಿಕೊಳ್ಳುತ್ತಿದ್ದ ಕ್ರೈಸ್ತ ಸನ್ಯಾಸಿನಿ ಸಿಸ್ಟರ್ ಇಗ್ನೇಷಿಯಾ ಬರೆದುಕೊಂಡ ಕಾಯಿಲೆ: ತೀವ್ರ ಗ್ಯಾಸ್ಟ್ರೈಟಿಸ್. ಆಮೇಲೆ ಅವನ ಮಂಚವನ್ನು ರೋಗಿಗಳ ಹೂಗಳನ್ನು ಜೋಡಿಸುವ ಪುಟ್ಟ ಕೋಣೆಗೆ ತಳ್ಳಿಸಿದರು. ಆ ಸುಳ್ಳಿನಿಂದ ಒಂದು ವಾರ್ಡೇ ಹುಟ್ಟಿತು. 1952ರಲ್ಲಿ ಅವರಿಗೆ ವರ್ಗವಾಗುವ ಹೊತ್ತಿಗೆ ಸಾವಿರಾರು ಜನ ಅಲ್ಲಿ ಮಲಗಿ ಎದ್ದಿದ್ದರು. ಹೊರಡುವವರ ಕೈಗೆ ಯೇಸುವಿನ ಪವಿತ್ರ ಹೃದಯದ ಬಿಲ್ಲೆ ಕೊಡುತ್ತಿದ್ದರು. ಮತ್ತೆ ಕುಡಿಯುವ ಮೊದಲು ಬಂದು ಇದನ್ನು ವಾಪಸು ಕೊಡಬೇಕು ಎಂಬುದು ಕರಾರು. ಕ್ಯಾಥೊಲಿಕರಲ್ಲದವರಿಗೂ ಅದೇ ಬಿಲ್ಲೆ, ಅದೇ ಕರಾರು.

ರಿಜಿಸ್ಟರನ್ನಷ್ಟೇ ಓದಿದ ಸಂಶೋಧಕಿಗೆ ಸಿಗುವುದು ಹೊಟ್ಟೆ ಕೆಟ್ಟ ಒಬ್ಬ ರೋಗಿ. ಕ್ರೈಸ್ತ ಪ್ರೀತಿ ಅಡಗಿರುವುದು ಆ ತಪ್ಪು ದಾಖಲೆಯಲ್ಲೇ. 1906ರಲ್ಲಿ ವೆಸ್ಲಿಯನ್ ಮಿಷನ್ ಹೆಂಗಸರು, ಮಕ್ಕಳಿಗೆಂದು ತೆರೆದ ಮೈಸೂರಿನ ಮಿಷನ್ ಆಸ್ಪತ್ರೆಯ ಚರಿತ್ರೆಯನ್ನೂ ಹೀಗೇ ಓದಬೇಕೆನಿಸುತ್ತದೆ: ಯಾರಿಗಾಗಿ ಯಾರು ನಿಯಮ ಸಡಿಲಿಸಿದರು?

ಇಗ್ನೇಷಿಯಾ ಬರೆದ ಗ್ಯಾಸ್ಟ್ರೈಟಿಸ್ ಬಾಗಿಲು ತೆರೆಯಿತು. ನಮ್ಮ ಬೀದಿಯ ಗ್ಯಾಸ್ಟ್ರಿಕ್ ಮಾನ ಮುಚ್ಚುತ್ತದೆ, ಅಷ್ಟೇ. ಮೂರು ದಿನ ಡ್ರಿಪ್ ಹಾಕಿಸಿಕೊಂಡು ಬಂದವನು ಸಂಬಳದ ದಿನ ಮತ್ತೆ ಬಾರಿನ ಮುಂದಿರುತ್ತಾನೆ, ಹೆಂಡತಿ ಗೇಟಿನ ಹತ್ತಿರ ಕಾಯುತ್ತಿರುತ್ತಾಳೆ.