ನೇಮ ಕಿರಿದು, ಫಲ ಹಿರಿದು

ಮಾನವನು ತನ್ನ ಜೀವಿತದಲ್ಲಿ ಕೈಕೊಳ್ಳುವ ಸಂಕಲ್ಪಗಳಿಗೆ ಲೆಕ್ಕವಿಲ್ಲ. ಯುಗಾದಿಯಂದು ಒಂದು, ಶ್ರಾವಣದ ಮೊದಲ ಸೋಮವಾರ ಮತ್ತೊಂದು, ಮಹಾಶಿವರಾತ್ರಿಯ ಜಾಗರಣೆಯಲ್ಲಿ ಇನ್ನೊಂದು. ನಾಳೆಯಿಂದ ನಾಲ್ಕು ಗಂಟೆಗೆ ಏಳುವೆನು, ಎರಡು ಗಂಟೆ ಕಾಲ ಶಿವಪೂಜೆ ಮಾಡುವೆನು, ವಚನ ಸಂಪುಟಗಳನ್ನೆಲ್ಲ ಓದಿ ಮುಗಿಸುವೆನು, ಕೋಪವನ್ನು ಸಂಪೂರ್ಣವಾಗಿ ತ್ಯಜಿಸುವೆನು ಎಂದು ಅವನು ನಿಶ್ಚಯಿಸುತ್ತಾನೆ. ಮೂರು ದಿನ ನಡೆಯುತ್ತದೆ. ನಾಲ್ಕನೆಯ ದಿನ ನೆಂಟರು ಬರುತ್ತಾರೆ. ಐದನೆಯ ದಿನ ನೆಗಡಿ. ಆರನೆಯ ದಿನ ಸಂಕಲ್ಪದ ನೆನಪೇ ಇರುವುದಿಲ್ಲ. ಆಗ ಅವನು ತನ್ನ ಮನೋದೌರ್ಬಲ್ಯವನ್ನು ನಿಂದಿಸಿಕೊಳ್ಳುತ್ತಾನೆ. ಆದರೆ ದೋಷವಿರುವುದು ನಿಜವಾಗಿಯೂ ಮನಸ್ಸಿನಲ್ಲಿಯೋ, ಸಂಕಲ್ಪದ ಗಾತ್ರದಲ್ಲಿಯೋ? ಈ ಪ್ರಶ್ನೆಗೆ ನಮ್ಮ ನಾಡಿನ ಇತಿಹಾಸವೇ ಉತ್ತರವನ್ನು ಕೊಡಬಲ್ಲದು.

ಸಂಸ್ಕೃತದ 'ನಿಯಮ'ವೆಂಬ ಶಬ್ದವು ಕನ್ನಡಿಗರ ನಾಲಗೆಯಲ್ಲಿ 'ನೇಮ'ವಾಯಿತು. ಶಬ್ದವು ಕಿರಿದಾದಂತೆ ಅದರ ಅರ್ಥವೂ ಮನೆಯಂಗಳಕ್ಕೆ ಇಳಿಯಿತು. ನಿಯಮವೆಂದರೆ ಶಾಸ್ತ್ರಗ್ರಂಥದಲ್ಲಿರುವುದು, ನೇಮವೆಂದರೆ ಅಜ್ಜಿಯೊಬ್ಬಳು ದಿನವೂ ತಪ್ಪದೆ ಮಾಡುವುದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಈ ನೇಮವನ್ನು ಕಾಯಕದೊಡನೆ ಬೆಸೆದರು. ದಿನದ ದುಡಿಮೆ, ದಿನದ ದಾಸೋಹ, ದಿನದ ಲಿಂಗಪೂಜೆ, ಇವು ಮೂರೂ ಅವರಿಗೆ ಬೇರೆ ಬೇರೆಯಾಗಿರಲಿಲ್ಲ. ಹೊರಗಿನ ತೋರಿಕೆಯ ವ್ರತಗಳನ್ನು ಅವರು ಹಳಿದರೆಂಬುದು ನಿಜ. ಆದರೆ ಅವರು ಹಳಿದದ್ದು ತೋರಿಕೆಯನ್ನೇ ಹೊರತು ನಿತ್ಯತೆಯನ್ನಲ್ಲ.

ಇದಕ್ಕೆ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಚರಿತ್ರೆಗಿಂತ ಉತ್ತಮವಾದ ನಿದರ್ಶನ ಬೇರೊಂದಿಲ್ಲ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರದ ಈ ದಂಪತಿಗಳು ಕಲ್ಯಾಣಕ್ಕೆ ಬಂದು, ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನವರು ಅನುಭಾವಗೋಷ್ಠಿಯ ಸವಿಯಲ್ಲಿ ಮೈಮರೆತು ಕಾಯಕದ ಹೊತ್ತನ್ನು ಮೀರಿದರು. ಲಕ್ಕಮ್ಮನವರು ಅವರನ್ನು ಎಚ್ಚರಿಸಿದರು. ಮಾರಯ್ಯನವರು ಅವಸರದಿಂದ ಹೋಗಿ, ಎಂದಿನದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಕಂಡು ಸಂತೋಷಪಡಲಿಲ್ಲ. ಇದು ನಮ್ಮ ದಿನದ ಅಳತೆಯಲ್ಲ, ಹೆಚ್ಚಿನದು ನಮಗೆ ಸಲ್ಲದು, ತಂದಲ್ಲಿಯೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳುಹಿದರು.

ಈ ಕಥೆಯನ್ನು ನಾವು ಸಾಮಾನ್ಯವಾಗಿ ನಿರಾಶೆಯ ಕಥೆಯೆಂದು, ಅಂದರೆ ಆಶೆಯನ್ನು ಗೆದ್ದವರ ಕಥೆಯೆಂದು ಓದುತ್ತೇವೆ. ಅದು ಸರಿಯೇ. ಆದರೆ ಅದರಲ್ಲಿ ನೇಮದ ಮರ್ಮವೂ ಅಡಗಿದೆ. ಲಕ್ಕಮ್ಮನವರು ಒಂದೇ ದಿನ ಎರಡು ಕೆಲಸ ಮಾಡಿದರು. ಹೊತ್ತು ಮೀರಿದ ಗಂಡನನ್ನು ಎಬ್ಬಿಸಿದರು. ಅಳತೆ ಮೀರಿದ ಗಂಡನನ್ನು ತಡೆದರು. ನೇಮಕ್ಕೆ ಎರಡು ಗಡಿಗಳುಂಟು. ಇದಕ್ಕಿಂತ ಕಡಿಮೆಯಾಗಬಾರದೆಂಬುದು ಒಂದು. ಇದಕ್ಕಿಂತ ಹೆಚ್ಚಾಗಬಾರದೆಂಬುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಬಲ್ಲರು. ಎರಡನೆಯದನ್ನು ಬಲ್ಲವರು ವಿರಳ. ಸೋಮಾರಿತನವು ನೇಮವನ್ನು ಮುರಿಯುವಂತೆಯೇ ಅತ್ಯುತ್ಸಾಹವೂ ಮುರಿಯುತ್ತದೆ. ಇಂದು ಎರಡು ಪಾಲು ಮಾಡಿದವನು ನಾಳೆ ಒಂದು ಪಾಲನ್ನೂ ಭಾರವೆಂದು ಬಗೆಯುತ್ತಾನೆ.

ಇನ್ನು ನಮ್ಮ ಕಾಲಕ್ಕೆ ಬರೋಣ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ವಾಸಿಸುವ ಭಕ್ತರಿಗೆ ಮಾಗಡಿ ರಸ್ತೆ ಚಿರಪರಿಚಿತ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಜನಸಂದಣಿಯ ನಡುವೆ ಹಾದು ಅದು ಪಶ್ಚಿಮಕ್ಕೆ ಮಾಗಡಿಯತ್ತ ಸಾಗುತ್ತದೆ. ಆ ಮಾಗಡಿ ತಾಲ್ಲೂಕಿನ ವೀರಾಪುರವೆಂಬ ಸಣ್ಣ ಗ್ರಾಮದಲ್ಲಿ 1907ರ ಏಪ್ರಿಲ್ 1ರಂದು ಹೊನ್ನೇಗೌಡ ಮತ್ತು ಗಂಗಮ್ಮ ದಂಪತಿಗಳಿಗೆ ಶಿವಣ್ಣನೆಂಬ ಬಾಲಕನು ಜನಿಸಿದನು. ಅವನೇ ಮುಂದೆ ಶ್ರೀ ಸಿದ್ಧಗಂಗಾ ಕ್ಷೇತ್ರದ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರಾಗಿ ನಾಡಿಗೆ ಬೆಳಕಾದರು.

ಶಿವಣ್ಣನು ನಾಗವಲ್ಲಿಯಲ್ಲಿ ಪ್ರೌಢವ್ಯಾಸಂಗ ಮುಗಿಸಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿದಾಗ ಅವನಿಗೆ ಆಶ್ರಯವಿತ್ತುದು ಗುಬ್ಬಿ ತೋಟದಪ್ಪನವರ ವಿದ್ಯಾರ್ಥಿನಿಲಯ. ತೋಟದಪ್ಪನವರು (1838-1910) ವ್ಯಾಪಾರದಲ್ಲಿ ಗಳಿಸಿದುದನ್ನು ಧರ್ಮಕ್ಕೆ ಮುಡಿಪಿಟ್ಟ ಪುಣ್ಯಪುರುಷರು. ಬೆಂಗಳೂರು ರೈಲ್ವೆ ನಿಲ್ದಾಣದೆದುರು 1903ರಲ್ಲಿ ಆರಂಭವಾದ ಅವರ ಧರ್ಮಛತ್ರವು ಹಳ್ಳಿಯಿಂದ ಬಂದವರಿಗೆ ನಗರದ ಮೊದಲ ನೆರಳಾಯಿತು. ಅವರ ವಿದ್ಯಾರ್ಥಿನಿಲಯದಲ್ಲಿ ಉಂಡು ಓದಿದವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ನಮ್ಮ ಬಡಾವಣೆಗಳಲ್ಲಿದ್ದಾರೆ.

1930ರ ಮಾರ್ಚ್ 3ರಂದು ಶಿವಣ್ಣನವರು ಶ್ರೀ ಉದ್ದಾನ ಶಿವಯೋಗಿಗಳವರಿಂದ ವಿರಕ್ತಾಶ್ರಮ ದೀಕ್ಷೆಯನ್ನು ಪಡೆದು ಶಿವಕುಮಾರ ಸ್ವಾಮಿಗಳಾದರು. 1941ರಲ್ಲಿ ಗುರುಗಳು ಲಿಂಗೈಕ್ಯರಾಗಲು ಶ್ರೀಮಠದ ಸಂಪೂರ್ಣ ಹೊಣೆ ಅವರ ಮೇಲೆ ಬಿದ್ದಿತು. ಅಲ್ಲಿಂದ ಮುಂದೆ ಅವರು ಕಟ್ಟಿದ ಶಾಲೆಗಳು, ಸಲಹಿದ ಮಕ್ಕಳು, ಅವರನ್ನರಸಿ ಬಂದ ಪ್ರಶಸ್ತಿಗಳು ಎಲ್ಲರಿಗೂ ತಿಳಿದಿವೆ. 2007ರಲ್ಲಿ ಕರ್ನಾಟಕ ರತ್ನ, 2015ರಲ್ಲಿ ಪದ್ಮಭೂಷಣ ಅವರಿಗೆ ಸಂದವು. ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳು ಜಾತಿಮತಗಳ ಭೇದವಿಲ್ಲದೆ ಅಲ್ಲಿ ಅನ್ನ, ಅಕ್ಷರ, ಆಶ್ರಯಗಳನ್ನು ಪಡೆಯುವಂತಾಯಿತು. ಆದರೆ ಈ ಲೇಖನದ ಉದ್ದೇಶ ಆ ಮಹಾಕಾರ್ಯದ ವರ್ಣನೆಯಲ್ಲ. ಅದರ ಬುಡದಲ್ಲಿದ್ದ ಸಣ್ಣ ಸಂಗತಿಯ ಕಡೆಗೆ ಗಮನ ಸೆಳೆಯುವುದು.

ಪೂಜ್ಯರು ಬೆಳಗಿನ ಜಾವ ಎರಡು ಗಂಟೆ ಮೀರುತ್ತಿದ್ದಂತೆ ಏಳುವರು. ಸ್ನಾನ, ಧ್ಯಾನ, ಇಷ್ಟಲಿಂಗಪೂಜೆ. ಬೆಳಗಾಗುವ ಹೊತ್ತಿಗೆ ಅತಿ ಮಿತವಾದ ಪ್ರಸಾದ. ಮಕ್ಕಳ ಸಾಮೂಹಿಕ ಪ್ರಾರ್ಥನೆಯಲ್ಲಿ ಉಪಸ್ಥಿತಿ. ಆ ಬಳಿಕ ಭಕ್ತರ ಭೇಟಿ, ಮಠದ ಲೆಕ್ಕಪತ್ರ, ಪತ್ರಿಕೆಗಳ ಓದು. ಸಂಜೆ ಮತ್ತೆ ಪ್ರಾರ್ಥನೆ. ರಾತ್ರಿ ಅಧ್ಯಯನ, ಅನಂತರ ಕಿರುನಿದ್ರೆ. ಈ ದಿನಚರಿಯ ಒಂದೊಂದು ಅಂಗವನ್ನೂ ಬಿಡಿಯಾಗಿ ನೋಡಿದರೆ ಅದರಲ್ಲಿ ಪವಾಡವೇನೂ ಕಾಣದು. ಪ್ರಾರ್ಥನೆಗೆ ಬಂದು ಕುಳಿತುಕೊಳ್ಳುವುದು ಯಾರಿಗೂ ಅಸಾಧ್ಯವಲ್ಲ. ಮಿತವಾಗಿ ಉಣ್ಣುವುದೂ ಅಸಾಧ್ಯವಲ್ಲ. ಆದರೆ ದೀಕ್ಷೆಯ ದಿನದಿಂದ 2019ರ ಜನವರಿ 21ರಂದು, ತಮ್ಮ 111ನೆಯ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾಗುವವರೆಗೆ ಎಣಿಸಿದರೆ 32,000ಕ್ಕೂ ಮೀರಿದ ದಿನಗಳಾಗುತ್ತವೆ. ಸಣ್ಣದೊಂದು ಕ್ರಿಯೆಯನ್ನು ಇಷ್ಟು ದಿನಗಳ ಮೇಲೆ ಹರಡಿದಾಗ ಅದು ಕ್ರಿಯೆಯಾಗಿ ಉಳಿಯದೆ ವ್ಯಕ್ತಿತ್ವವೇ ಆಗುತ್ತದೆ. ನಡೆದಾಡುವ ದೇವರೆಂದು ಜನರು ಅವರನ್ನು ಕರೆದರು. ಆ ನಡಿಗೆಯಾದರೋ ದಿನಕ್ಕೆ ಒಂದೊಂದೇ ಹೆಜ್ಜೆಯ ನಡಿಗೆ.

ಇಲ್ಲಿ ವಾಚಕರಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಅವರು ವಿರಕ್ತರು, ಸಂಸಾರದ ಜಂಜಾಟವಿಲ್ಲದವರು. ಮಕ್ಕಳ ಫೀಜು, ಮನೆಯ ಬಾಡಿಗೆ, ಬಸ್ಸಿನ ನೂಕುನುಗ್ಗಲುಗಳಲ್ಲಿ ಬೇಯುವ ನಮಗೆ ಅದು ಹೇಗೆ ಸಾಧ್ಯವೆಂದು ಕೇಳಬಹುದು. ಸಾವಿರಾರು ಮಕ್ಕಳ ಹೊಟ್ಟೆಯ ಚಿಂತೆ ಹೊತ್ತವರಿಗೆ ಸಂಸಾರವಿರಲಿಲ್ಲವೆನ್ನುವುದು ಸಾಹಸದ ಮಾತೇ ಸರಿ. ಆದರೂ ಆಕ್ಷೇಪವನ್ನು ಒಪ್ಪಿಕೊಂಡು, ಗೃಹಸ್ಥರೊಬ್ಬರ ಜೀವನವನ್ನೇ ನೋಡೋಣ.

ರಾವಬಹಾದ್ದೂರ ಫ. ಗು. ಹಳಕಟ್ಟಿಯವರು (1880-1964) ವಿಜಯಪುರದಲ್ಲಿ ವಕೀಲರಾಗಿದ್ದರು. ಹೆಂಡತಿ ಮಕ್ಕಳು, ಕಕ್ಷಿದಾರರು, ಸಾರ್ವಜನಿಕ ಸಂಸ್ಥೆಗಳು, ಸಾಲಸೋಲಗಳು ಎಲ್ಲವೂ ಅವರಿಗಿದ್ದವು. ಇವುಗಳ ನಡುವೆಯೇ ಅವರು ಮನೆಮನೆ, ಮಠಮಠಗಳನ್ನು ಸುತ್ತಿ ತಾಡವೋಲೆಯ ಕಟ್ಟುಗಳನ್ನು ಅರಸಿದರು, ಓದಿದರು, ನಕಲು ಮಾಡಿದರು, ಪಾಠಗಳನ್ನು ಹೋಲಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಪ್ರಕಟವಾಯಿತು. 1925ರಲ್ಲಿ 'ಹಿತಚಿಂತಕ' ಮುದ್ರಣಾಲಯ, 1926ರಲ್ಲಿ 'ಶಿವಾನುಭವ' ಪತ್ರಿಕೆ, 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆ. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ನೂರಕ್ಕೂ ಹೆಚ್ಚು ಗ್ರಂಥಗಳು ಅವರ ಕೈಯಿಂದ ಹೊರಬಂದವು. ಹುಳು ತಿಂದ ಓಲೆಯ ಒಂದು ಗರಿಯನ್ನು ಬಿಡಿಸಿ ಓದುವುದು ಎಂತಹ ತಾಳ್ಮೆಯ ಕೆಲಸವೆಂಬುದನ್ನು ಮಾಡಿದವರೇ ಬಲ್ಲರು. ಅಲ್ಲಿ ಆವೇಶಕ್ಕೆ ಎಡೆಯಿಲ್ಲ. ಒಂದು ರಾತ್ರಿಯ ಉತ್ಸಾಹದಿಂದ ಒಂದು ಕಟ್ಟನ್ನೂ ಮುಗಿಸಲಾಗದು. ದಶಕಗಳ ಕಾಲ ಅವರು ಸಾಲಿನ ಮೇಲೆ ಸಾಲು ಬಿಡಿಸಿದುದರಿಂದಲೇ ಇಂದು ನಮ್ಮ ಮನೆಯ ಮಕ್ಕಳು ವಚನವನ್ನು ಅಚ್ಚಿನ ಪುಸ್ತಕದಲ್ಲಿ ಓದುತ್ತಿದ್ದಾರೆ.

ಈ ಸಾಲುಗಳನ್ನು ಬರೆಯುತ್ತಿರುವವನೂ ಒಂದು ಮಠದ ಉಚಿತ ವಿದ್ಯಾರ್ಥಿನಿಲಯದ ಅನ್ನದಿಂದ ಬೆಳೆದವನು. ಅಲ್ಲಿ ಐದು ಗಂಟೆಗೆ ಗಂಟೆ ಬಾರಿಸುತ್ತಿತ್ತು. ನಾವು ಏಳುತ್ತಿದ್ದೆವು. ತಣ್ಣೀರಿನ ಸ್ನಾನ, ವಿಭೂತಿ, ಪ್ರಾರ್ಥನೆ, ಪಾಠ ಎಲ್ಲವೂ ನಡೆಯುತ್ತಿದ್ದವು. ಇದೆಲ್ಲ ನನ್ನ ಗುಣವೆಂದೇ ನಾನು ಭಾವಿಸಿದ್ದೆ. ಕೆಲಸ ಸಿಕ್ಕಿ ರಾಜಾಜಿನಗರದ ಒಂದು ಓಣಿಯಲ್ಲಿ ಬಾಡಿಗೆ ಕೋಣೆ ಹಿಡಿದ ಮೇಲೆ ಸತ್ಯ ತಿಳಿಯಿತು. ಮೊದಲ ವಾರ ಕೈ ತಾನಾಗಿಯೇ ವಿಭೂತಿಯ ಕಡೆಗೆ ಹೋಗುತ್ತಿತ್ತು. ಪಾಳಿಯ ಕೆಲಸ ಆರಂಭವಾದ ಮೇಲೆ ಹೊತ್ತು ತಪ್ಪಿತು. ಮೂರು ತಿಂಗಳಾಗುವಷ್ಟರಲ್ಲಿ ಕರಡಿಗೆ ಕೊರಳಲ್ಲಿತ್ತು, ತೆರೆಯುವ ಅಭ್ಯಾಸ ಹೋಗಿತ್ತು. ಎದ್ದೇಳುತ್ತಿದ್ದುದು ನಾನಲ್ಲ, ನನ್ನನ್ನು ಎಬ್ಬಿಸುತ್ತಿದ್ದುದು ಮಠದ ಗಂಟೆ!

ಈ ಅನುಭವ ನನ್ನೊಬ್ಬನದಲ್ಲವೆಂದು ಹಳೆಯ ಗೆಳೆಯರೊಡನೆ ಮಾತನಾಡಿದಾಗಲೆಲ್ಲ ತಿಳಿಯುತ್ತದೆ. ಹಾಗಾದರೆ ಮಠದ ಶಿಕ್ಷಣ ವ್ಯರ್ಥವಾಯಿತೇ? ಇಲ್ಲ. ಮಠವು ನಮಗೆ ನೇಮದ ರುಚಿಯನ್ನು ಕೊಟ್ಟಿತು. ಗಂಟೆಯನ್ನು ಮಾತ್ರ ನಾವೇ ಕಟ್ಟಿಕೊಳ್ಳಬೇಕಾಗಿತ್ತು. ಮದುವೆಯಾದ ಮೇಲೆ ನನ್ನ ಮನೆಯವರು ಒಂದು ಸಂಜೆ, "ದಿನಾ ಹತ್ತು ನಿಮಿಷ ಕೂತ್ಕೊಳ್ಳೋಕೂ ಆಗಲ್ವೇನ್ರಿ?" ಎಂದು ಕೇಳಿದರು. ಪಾಳಿ ಯಾವುದೇ ಇರಲಿ, ಸ್ನಾನವಾದ ಕೂಡಲೇ ಹತ್ತು ನಿಮಿಷವೆಂದು ಗೊತ್ತುಮಾಡಿಕೊಂಡೆವು. ನಡೆಯಿತು. ಆ ವರುಷದ ಶ್ರಾವಣದಲ್ಲಿ ಉತ್ಸಾಹಗೊಂಡು ಅದನ್ನು ಒಂದು ಗಂಟೆಗೆ ಏರಿಸಿದೆ. ಎರಡು ವಾರಗಳಲ್ಲಿ ಗಂಟೆಯೂ ಹೋಯಿತು, ಹತ್ತು ನಿಮಿಷವೂ ಹೋಯಿತು. ಲಕ್ಕಮ್ಮನವರು ಅಕ್ಕಿಯನ್ನು ಏಕೆ ಹಿಂದಕ್ಕೆ ಕಳುಹಿದರೆಂಬುದು ನನಗೆ ಅರ್ಥವಾದುದು ಆಗಲೇ. ಮತ್ತೆ ಹತ್ತು ನಿಮಿಷದಿಂದಲೇ ತೊಡಗಿದೆ. ಅದು ಇಂದಿಗೂ ನಿಂತಿಲ್ಲ.

ಆಧುನಿಕ ಮನಶ್ಶಾಸ್ತ್ರವೂ ಈ ಮಾತಿಗೆ ದೂರವಾಗಿಲ್ಲ. ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸನು 1890ರ ತನ್ನ ಮನಶ್ಶಾಸ್ತ್ರ ಗ್ರಂಥದಲ್ಲಿ ಅಭ್ಯಾಸಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದಿನವೂ ಒಂದೇ ಸಂದರ್ಭದಲ್ಲಿ ಮಾಡುವ ಸಣ್ಣ ಕ್ರಿಯೆಯೊಂದು ತಾನಾಗಿ ನಡೆಯುವ ಅಭ್ಯಾಸವಾಗಲು ಸರಾಸರಿ 66 ದಿನಗಳು ಬೇಕು. ಕೆಲವರಿಗೆ 18 ದಿನಗಳೇ ಸಾಕು, ಇನ್ನು ಕೆಲವರಿಗೆ 254 ದಿನಗಳಷ್ಟು ದೀರ್ಘಕಾಲ ಬೇಕಾಗಬಹುದೆಂದು ಅವರು ಅಂದಾಜಿಸಿದರು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸವು ಕೆಡುವುದಿಲ್ಲವೆಂಬುದೂ ಅವರಿಗೆ ಕಂಡುಬಂದಿತು. ಇದು ನಮಗೆ ಸಮಾಧಾನ ತರುವ ಮಾತು. ಒಂದು ದಿನ ತಪ್ಪಿದವನು ಪತಿತನಲ್ಲ; ಮರುದಿನ ಮರಳಿ ಬಾರದವನು ಮಾತ್ರ ನಷ್ಟಕ್ಕೊಳಗಾಗುತ್ತಾನೆ. ಮಾರಯ್ಯನವರೂ ಒಂದು ದಿನ ಹೊತ್ತು ಮರೆತವರೇ ಅಲ್ಲವೇ?

ಆದ್ದರಿಂದ ಇತಿಹಾಸದಿಂದ ನಾವು ಕಲಿಯಬೇಕಾದುದು ಇಷ್ಟು. ನೇಮವು ಕಿರಿದಾಗಿರಲಿ, ಕಾಯಿಲೆಯ ದಿನವೂ ಮಾಡಬಲ್ಲಷ್ಟು ಕಿರಿದಾಗಿರಲಿ. ದಿನದಲ್ಲಿ ಹೇಗೂ ನಡೆಯುವ ಒಂದು ಕೆಲಸಕ್ಕೆ, ಸ್ನಾನಕ್ಕೋ ಊಟಕ್ಕೋ ದೀಪ ಹಚ್ಚುವುದಕ್ಕೋ, ಅದು ಕಟ್ಟಿಕೊಂಡಿರಲಿ. ಅದಕ್ಕೊಂದು ಮೇಲಿನ ಗಡಿಯೂ ಇರಲಿ. ಎಚ್ಚರಿಸುವ ಒಬ್ಬರು ಮನೆಯಲ್ಲಿರಲಿ. ಕೆಂಗೇರಿಯಿಂದ ಮೆಟ್ರೋದಲ್ಲಿ ನಗರಕ್ಕೆ ಬರುವ ತರುಣನು ದಾರಿಯಲ್ಲಿ ಒಂದು ವಚನವನ್ನು ಓದಿ ಅದರ ಅರ್ಥವನ್ನು ಚಿಂತಿಸಲಿ. ಬಸವೇಶ್ವರನಗರದ ಗೃಹಿಣಿಯು ಅಡಿಗೆಗೆ ಅಕ್ಕಿಯನ್ನು ಅಳೆಯುವಾಗ ಒಂದು ಹಿಡಿಯನ್ನು ದಾಸೋಹಕ್ಕೆಂದು ಬೇರೆ ಡಬ್ಬಿಯಲ್ಲಿ ಹಾಕಲಿ. ವಿಜಯನಗರದ ಶಾಲಾ ಬಾಲಕನು ಮಲಗುವ ಮುನ್ನ ತನ್ನ ಪುಸ್ತಕಗಳನ್ನು ತಾನೇ ಜೋಡಿಸಿಡಲಿ. ಇವು ಯಾವುವೂ ದೊಡ್ಡವಲ್ಲ. ಆದರೆ ಹಿಡಿಯಕ್ಕಿಯ ಡಬ್ಬಿ ತುಂಬಿದ ದಿನ ಆ ತಾಯಿಗೆ ತಾನು ಕೊಡಬಲ್ಲವಳೆಂಬ ಅರಿವು ಮೂಡುತ್ತದೆ. ಅಕ್ಕಿಗಿಂತ ಆ ಅರಿವು ಬೆಲೆಯುಳ್ಳದ್ದು.

ಮಠದ ಅಂಗಳದಲ್ಲಿ ಬೆಳೆದು ನಗರದ ನಾನಾ ಬೀದಿಗಳಲ್ಲಿ ಚದುರಿರುವ ನಾವೆಲ್ಲರೂ ನಮ್ಮ ನಮ್ಮ ಮನೆಯಲ್ಲಿ ಆ ಗಂಟೆಯನ್ನು ಮತ್ತೆ ಕಟ್ಟಿಕೊಳ್ಳೋಣ. ಅದರ ನಾದ ಸಣ್ಣದಿರಲಿ, ಆದರೆ ದಿನವೂ ಕೇಳುತ್ತಿರಲಿ.